ರುಂಡ-ಮುಂಡಗಳ ಹೊಂದಿಕೆ

ಬೊಂಬೆ-ಸೈನಿಕರಿಗೆ ಬೇರೆ ತಲೆಗಳನ್ನು ಜೋಡಿಸುವುದು ನನ್ನ ವಿಶ್ರಾಂತಿಕಾಲದ ವಿನೋದ. 1:35ರ ಪ್ರಮಾಣದಲ್ಲಿ ಐದಡಿ ಒಂಬತ್ತಂಗುಲದ ಆಳು 50 ಮಿಲಿಮೀಟರಿಗೆ ಇಳಿಯುತ್ತಾನೆ. ತಲೆ 7ಕ್ಕೂ ಕಡಮೆ. 1:32ರ ತಲೆಯನ್ನಿಟ್ಟರೆ ಹೆಚ್ಚುವುದು ಅರ್ಧ ಮಿಲಿಮೀಟರಿನಷ್ಟೇ. ಆದರೂ ವೀರನು ಬಾಲಕನಂತೆ ತೋರುವನು! ಶಿಲ್ಪಶಾಸ್ತ್ರದ ನವತಾಲದಲ್ಲಿ ಮುಖವೇ ಏಕೆ ಅಳತೆಗೋಲೆಂಬುದು ಇಲ್ಲಿ ಕೈಗೇ ತಿಳಿಯುತ್ತದೆ.

ಅಳತೆ ಹೊಂದಿದರೆ ಸಾಲದು, ಕಾಲವೂ ಹೊಂದಬೇಕು. ನನ್ನ ಮುಂದಿದ್ದುದು 1914ರ ಆಗಸ್ಟಿನಲ್ಲಿ ಬೆಲ್ಜಿಯಮ್ಮಿನ ಮಾನ್ಸ್ ಎಂಬಲ್ಲಿ ಕಾದಿದ ಆಂಗ್ಲ ಸಿಪಾಯಿಯ ಮುಂಡ. ಅಂದು ಅವರಿಗಿದ್ದುದು ಬಟ್ಟೆಯ ಟೋಪಿ ಮಾತ್ರ. ಉಕ್ಕಿನ ಶಿರಸ್ತ್ರಾಣ ಬಂದುದು 1915ರಲ್ಲಿ. ಶಿರಸ್ತ್ರಾಣದ ತಲೆಯೇ ಅಂದವೆಂಬುದು ದಿಟ. ಆದರೆ ಅದನ್ನಿಟ್ಟರೆ ಆಲಂಕಾರಿಕರು ಹೇಳುವ ಕಾಲವಿರೋಧದೋಷ ಮಾತ್ರವಲ್ಲ, ಆ ಬಡಪಾಯಿಗಳು ಬಟ್ಟೆಯೊಂದನ್ನೇ ಹೊದ್ದು ಗುಂಡಿನ ಚೂರುಗಳಿಗೆ ತಲೆಯೊಡ್ಡಿದರೆಂಬ ಸಂಗತಿಯನ್ನೇ ಅಳಿಸಿದಂತೆ. ಕೊರಳನ್ನು ಅರದಿಂದ ತುಸು ಉಜ್ಜಿ, ನೋಟವು ಬಂದೂಕಿನ ಗುರಿಯತ್ತ ಸಲ್ಲುವಂತೆ ಟೋಪಿಯ ತಲೆಯನ್ನೇ ಅಂಟಿಸಿದೆನು.