ಹ್ಯಾಂಡಲ್ ಮೇಲಿನ ಕಾಗದದ ಸುರುಳಿ

ಇಂದಿರಾನಗರದ 100 ಅಡಿ ರಸ್ತೆಯಲ್ಲಿ ರಾತ್ರಿ ಕಿವಿ ಕಿತ್ತುಹೋಗುವ ಹಾಗೆ ಬೈಕು ಓಡಿಸುವವರನ್ನು ಕಂಡಾಗೆಲ್ಲ ಬೆಂಗಳೂರಿನವರೇ ಆದ ಸಿ.ಎಸ್. ಸಂತೋಷ್ ನೆನಪಾಗುತ್ತಾರೆ. ಮಣ್ಣಿನ ಟ್ರ್ಯಾಕಿನ ಮೋಟೋಕ್ರಾಸ್‌ನಲ್ಲಿ ಪಳಗಿ, 2015ರಲ್ಲಿ ಮರುಭೂಮಿ ದಾಟುವ ಡಕಾರ್ ರ್‍ಯಾಲಿಗೆ ಹೋದವರು. ಬ್ಯೂನಸ್ ಐರಿಸ್‌ನಿಂದ ಹೊರಟು ಚಿಲಿ, ಬೊಲಿವಿಯಾ ಸುತ್ತಿ ವಾಪಸ್, ಹೆಚ್ಚುಕಮ್ಮಿ ಎರಡು ವಾರ. ಸಿಕ್ಕಿದ್ದು 36ನೇ ಸ್ಥಾನ. ಡಕಾರ್ ಪೂರೈಸಿದ ಮೊದಲ ಭಾರತೀಯ.

36 ಅಂದರೆ ಅಷ್ಟೇನಾ ಅನ್ನಬೇಡಿ. ಅಲ್ಲಿ ಮೊಬೈಲ್ ಮ್ಯಾಪು ನೋಡುವ ಹಾಗಿರಲಿಲ್ಲ. ಹ್ಯಾಂಡಲ್ ಮುಂದಿನ ಡಬ್ಬಿಯಲ್ಲಿ ಒಂದು ಕಾಗದದ ಸುರುಳಿ. ತಿರುವು, ಹಳ್ಳ, ಅಪಾಯ ಎಲ್ಲದರ ಗುರುತೂ ಅದರಲ್ಲೇ. ಮರಳುದಿಬ್ಬದ ಮೇಲೆ ನಿಂತುಕೊಂಡೇ ಗಾಡಿ ಓಡಿಸುತ್ತ, ಬೆರಳಲ್ಲಿ ಬಟನ್ ಒತ್ತಿ ಸುರುಳಿ ಸರಿಸಿ, ಓದಿಕೊಂಡು ಹೋಗಬೇಕಿತ್ತು. (ನಮಗೆ ದೊಮ್ಮಲೂರು ಫ್ಲೈಓವರ್ ಇಳಿಯಲೂ ಮ್ಯಾಪು ಬೇಕು!)

2021ರಲ್ಲಿ ಸೌದಿ ಅರೇಬಿಯಾದ ಡಕಾರ್‌ನಲ್ಲಿ ಸಂತೋಷ್ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ರಿಯಾದ್‌ನಲ್ಲಿ ವೈದ್ಯರು ಔಷಧಿ ಕೊಟ್ಟು ಕೋಮಾದಲ್ಲಿಟ್ಟು ನೋಡಿಕೊಂಡರು, ಸಂತೋಷ್ ಬದುಕಿದರು. ಅಷ್ಟರಲ್ಲಿ ಬೆಂಗಳೂರಿನವರೇ ಆದ ಬೈಕ್ ಸವಾರೆ ಐಶ್ವರ್ಯಾ ಪಿಸ್ಸೆ 2019ರ ಬಾಹಾ ಎಂಬ ಕಚ್ಚಾ ಹಾದಿಯ ಓಟಗಳ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದಾಗಿತ್ತು. ಅದೂ ಹಿಂದಿನ ವರ್ಷವಷ್ಟೇ ಸ್ಪೇನಿನಲ್ಲಿ ಬಿದ್ದು, ಮೇದೋಜೀರಕಕ್ಕೆ ಗಾಯ ಮಾಡಿಕೊಂಡು ಎದ್ದ ಮೇಲೆ.