ಹೂವೊಂದು, ಹೊತ್ತು ಮೂರು

ಕೊತ್ತಂಬರಿ ಸೊಪ್ಪನ್ನು ಬೇಳೆಯೊಡನೆಯೇ ಬೇಯಲು ಹಾಕಿದರೆ ಸೊಪ್ಪೇನೋ ಸಾರಿನಲ್ಲಿ ಉಳಿಯುತ್ತದೆ. ಅದರ ಘಮ ಮಾತ್ರ ಹಬೆಯೊಡನೆ ಹೊರಟುಹೋಗುತ್ತದೆ. ಪಾತ್ರೆಯನ್ನು ಇಳಿಸುವ ಗಳಿಗೆಯಲ್ಲಿ ಉದುರಿಸಿದರೆ, ಪಡಸಾಲೆಯಲ್ಲಿ ಪತ್ರಿಕೆ ಓದುತ್ತ ಕುಳಿತವರಿಗೂ ಊಟದ ಹೊತ್ತಾಯಿತೆಂದು ತಿಳಿಯುತ್ತದೆ. ಕನ್ನಡ ನಾಡಿನ ಗೃಹಿಣಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅಮೆರಿಕದ ಗೃಹಸ್ಥನೊಬ್ಬ ರಜೆಯ ದಿನ ತನ್ನ ಹಿತ್ತಿಲಿನಲ್ಲಿ ದೊಡ್ಡ ತಪ್ಪಲೆಯೊಂದನ್ನು ಒಲೆಗೇರಿಸಿ, 'ಅಮೆರಿಕನ್ ಪೇಲ್ ಏಲ್' ಎಂಬ ಬಿಯರಿನ ಪಾಕವನ್ನು ತಾನೇ ನಿರ್ಣಯಿಸಲು ಹೊರಟನೆಂದರೆ, ಅವನು ಮೊದಲು ಕಲಿಯಬೇಕಾದ ಪಾಠವೂ ಇದೇ. ಬಿಯರಿನ ಹೆಸರು ಕೇಳಿ ಮೂಗು ಮುರಿಯುವವರು ಧಾರಾಳವಾಗಿ ಮುರಿಯಲಿ. ಹದದ ಪಾಠ ಯಾವ ಒಲೆಯ ಮುಂದೆ ಕಲಿತರೂ ಹದದ ಪಾಠವೇ.

ಅಮೆರಿಕದಲ್ಲಿ ಈ ಹವ್ಯಾಸ ಕಾನೂನಿನ ಕೃಪೆಗೆ ಪಾತ್ರವಾದದ್ದು ಬಹಳ ತಡವಾಗಿ. 1920ರಲ್ಲಿ ಜಾರಿಗೆ ಬಂದ ಪಾನನಿರೋಧ 1933ರಲ್ಲಿ ರದ್ದಾಯಿತು. ಆಗ ಮನೆಯಲ್ಲಿ ದ್ರಾಕ್ಷಾರಸ ಹುದುಗಿಸುವುದಕ್ಕೆ ಅನುಮತಿ ದೊರೆಯಿತು. ಬಿಯರಿಗೆ ಮಾತ್ರ ದೊರೆಯಲಿಲ್ಲ. ಆ ಕೊರತೆ ತುಂಬಲು ನಾಲ್ಕೂವರೆ ದಶಕಗಳೇ ಹಿಡಿದವು. 1978ರ ಅಕ್ಟೋಬರ್ 14ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಶಾಸನದಂತೆ, ಒಬ್ಬ ವಯಸ್ಕನಿರುವ ಮನೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿಯಿರುವ ಮನೆ 200 ಗ್ಯಾಲನ್ ಬಿಯರನ್ನು ತೆರಿಗೆಯಿಲ್ಲದೆ ತಯಾರಿಸಿಕೊಳ್ಳಬಹುದು. ಆದರೂ ಅಲಬಾಮ, ಮಿಸಿಸಿಪ್ಪಿ ರಾಜ್ಯಗಳು ಇದಕ್ಕೆ ಒಪ್ಪಿದ್ದು 2013ರಲ್ಲಿ. ಕರ್ನಾಟಕದಲ್ಲಂತೂ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದುದರಿಂದ ಇಲ್ಲಿನವರಿಗೆ ಈ ಪಾಕ ಓದಿ ತಿಳಿಯತಕ್ಕದ್ದೇ ಹೊರತು ಮಾಡಿ ನೋಡತಕ್ಕದ್ದಲ್ಲ. ಅಮೆರಿಕದ ಶಾಸನದಲ್ಲಿಯೂ ಒಂದು ಕಟ್ಟಳೆಯುಂಟು: ಮನೆಯ ಬಿಯರನ್ನು ಮಾರುವಂತಿಲ್ಲ. ಈ ಕಟ್ಟಳೆಯೇ ಆ ಗೃಹಸ್ಥನ ಶ್ರಮಕ್ಕೆ ಒಂದು ಬಗೆಯ ಶುದ್ಧಿಯನ್ನು ತಂದುಕೊಟ್ಟಿದೆ.

ಪಾಕದ ಬುನಾದಿ ಧಾನ್ಯ. 19 ಲೀಟರ್ ಬಿಯರಿಗೆ ತಿಳಿಬಣ್ಣದ ಬಾರ್ಲಿ ಮಾಲ್ಟ್ 4.3 ಕಿಲೋ, ಕಂದುಬಣ್ಣಕ್ಕೂ ಕಾಯಿಸಿದ ಸಕ್ಕರೆಯಂಥ ರುಚಿಗೂ ಕ್ರಿಸ್ಟಲ್ ಮಾಲ್ಟ್ 300 ಗ್ರಾಂ. ಮಾಲ್ಟ್ ಎಂದರೆ ಮೊಳಕೆ ಕಟ್ಟಿ ಒಣಗಿಸಿದ ಕಾಳು. ಮಗುವಿಗೆ ರಾಗಿಯನ್ನು ಮೊಳಕೆ ಬರಿಸಿ ಹುರಿದು ಹಿಟ್ಟು ಮಾಡುವ ಮನೆಗಳಿಗೆ ಇದೇನೂ ಹೊಸದಲ್ಲ. ಮೊಳಕೆಯ ಕಾಲಕ್ಕೆ ಕಾಳಿನೊಳಗೆ ಹುಟ್ಟುವ ಕಿಣ್ವಗಳು ಬಿಸಿನೀರಿನಲ್ಲಿ ಎಚ್ಚೆತ್ತು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಆ ನೀರಿನ ಶಾಖ 65 ಡಿಗ್ರಿಗಿಂತ ಕೆಳಗಿದ್ದರೆ ಬಿಯರು ತೆಳುವಾಗಿ ಒಣಗಿದಂತಾಗುತ್ತದೆ, 69 ದಾಟಿದರೆ ದಪ್ಪವಾಗಿ ಸಿಹಿ ಉಳಿಯುತ್ತದೆ. 66ರಿಂದ 67 ಡಿಗ್ರಿಯಲ್ಲಿ ಒಂದು ಗಂಟೆ ನೆನೆದರೆ ಹದ. ಹಾಲಿನಲ್ಲಿ ನೀರೆಷ್ಟೆಂದು ಹೇಳುವ ಲ್ಯಾಕ್ಟೋಮೀಟರಿನ ದಾಯಾದಿ ಹೈಡ್ರೋಮೀಟರನ್ನು ಈ ಸಿಹಿರಸದಲ್ಲಿ ಕುದಿಸಿದ ಮೇಲೆ ತೇಲಿಬಿಟ್ಟರೆ 1.053ರ ಸುಮಾರು ತೋರಿಸಬೇಕು. ಯೀಸ್ಟ್ ತನ್ನ ಕೆಲಸ ಮುಗಿಸಿದ ಬಳಿಕ 1.012. ಆಗ ಮದ್ಯಸಾರ ಶೇಕಡಾ 5.4ರಷ್ಟಿರುತ್ತದೆ.

ಇಷ್ಟಾದರೆ ಗೋಡೆ ಎದ್ದಂತಾಯಿತು. ದೀಪ ಹಚ್ಚುವುದು ಹಾಪ್ ಹೂ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ತಳಿ ಅಭಿವೃದ್ಧಿಪಡಿಸಿ 1972ರಲ್ಲಿ ಬಿಡುಗಡೆ ಮಾಡಿದ 'ಕ್ಯಾಸ್ಕೇಡ್' ಎಂಬ ಜಾತಿಯ ಹೂವಿಗೆ ಚಕ್ಕೋತದ ಸಿಪ್ಪೆಯನ್ನು ಆಗತಾನೆ ಹಿಂಡಿದಂಥ ಪರಿಮಳವಿದೆ. 1975ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆ್ಯಂಕರ್ ಕಂಪನಿ ಈ ಹೂವನ್ನು ಧಾರಾಳವಾಗಿ ಬಳಸಿ ಲಿಬರ್ಟಿ ಏಲನ್ನು ತಂದಿತು. ಅಂದಿನ ಅಮೆರಿಕದ ದೊಡ್ಡ ಕಂಪನಿಗಳ ಬಿಯರುಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಸಪ್ಪೆಯಾಗಿದ್ದುದರಿಂದ, ಈ ಪರಿಮಳ ಹಲವರನ್ನು ಬೆಚ್ಚಿಸಿತು. ಕೆಲವರನ್ನು ಜನ್ಮಕ್ಕೆ ಒಲಿಸಿಕೊಂಡಿತು.

ಆದರೆ ಇದೇ ಹೂವು ಹೊತ್ತಿಗೆ ತಕ್ಕಂತೆ ಸ್ವಭಾವ ಬದಲಿಸುತ್ತದೆ. ಅದರೊಳಗಿನ ಆಲ್ಫಾ ಆಮ್ಲಗಳು ಬಹಳ ಹೊತ್ತು ಕುದಿದರಷ್ಟೆ ರೂಪಾಂತರ ಹೊಂದಿ, ರಸದಲ್ಲಿ ಕರಗಿ, ಕಹಿಯನ್ನು ಕೊಡುತ್ತವೆ. ಅದರ ಸುಗಂಧತೈಲಗಳಾದರೋ ಕುದಿಯನ್ನು ತಾಳಲಾರದೆ ಆವಿಯಾಗುತ್ತವೆ. ಕಹಿ ಬೇಕಾದರೆ ಪರಿಮಳವನ್ನು ಬಿಡಬೇಕು. ಪರಿಮಳ ಬೇಕಾದರೆ ಕಹಿಯ ಆಸೆ ಬಿಡಬೇಕು. ಎರಡೂ ಬೇಕೆಂಬ ಗೃಹಸ್ಥ ಹೂವನ್ನು ಮೂರು ಹೊತ್ತಿಗೆ ಹಂಚುತ್ತಾನೆ. ಕುದಿ ಬಂದೊಡನೆ 30 ಗ್ರಾಂ: ಒಂದು ಗಂಟೆ ಕುದಿದು ಕಹಿಯ ಬೆನ್ನೆಲುಬಾಗುತ್ತದೆ. ಕುದಿ ಮುಗಿಯಲು ಹತ್ತು ನಿಮಿಷವಿರುವಾಗ 30 ಗ್ರಾಂ, ಒಲೆ ಆರಿಸಿದ ಕ್ಷಣ 50 ಗ್ರಾಂ: ಇವು ನಾಲಿಗೆಗೆ. ರಸ ತಣಿದು, ಯೀಸ್ಟ್ ಸೇರಿ, 18ರಿಂದ 20 ಡಿಗ್ರಿಯಲ್ಲಿ ಹುದುಗು ಅಡಗಿದ ಮೇಲೆ 55 ಗ್ರಾಂ ಹೂವನ್ನು ಹಸಿಯಾಗಿಯೇ ಮೂರು ನಾಲ್ಕು ದಿನ ನೆನೆಹಾಕುತ್ತಾನೆ: ಇದು ಮೂಗಿಗೆ. ಕಹಿಯನ್ನಳೆಯುವ ಮಾನದಲ್ಲಿ ಈ ಬಗೆಯ ಬಿಯರಿಗೆ 30ರಿಂದ 50 ಅಂಶ ವಾಡಿಕೆ. ಈ ಪಾಕ 35ರ ಆಸುಪಾಸಿನಲ್ಲಿ ನಿಲ್ಲುತ್ತದೆ.

ಲೆಕ್ಕ ಇಷ್ಟು ಸರಳವಾಗಿದ್ದರೂ ಹೊಸಬನ ಕೈ ನಿಲ್ಲುವುದಿಲ್ಲ. ಅಂಗಡಿಯಲ್ಲಿ ಮಾಲ್ಟಿನ ಹತ್ತು ಬಗೆ ಕಂಡರೆ ಐದನ್ನು ತರುತ್ತಾನೆ. ಹೂವಿನ ನಾಲ್ಕು ಜಾತಿ ಸಿಕ್ಕಿದರೆ ನಾಲ್ಕನ್ನೂ ಸುರಿಯುತ್ತಾನೆ. ಕ್ರಿಸ್ಟಲ್ ಮಾಲ್ಟ್ ಹೆಚ್ಚಾದರೆ ಸಿಹಿ ಗಂಟಲಿಗೆ ಅಂಟಿಕೊಳ್ಳುತ್ತದೆ; ಕೊನೆಯ ಹೂವು ಹೆಚ್ಚು ದಿನ ನೆನೆದರೆ ಹಸಿಹುಲ್ಲಿನ ವಾಸನೆ ಬರುತ್ತದೆ. ಯಾವುದು ಕೆಡಿಸಿತೆಂದು ತಿಳಿಯುವ ದಾರಿಯೂ ಮುಚ್ಚಿಹೋಗಿರುತ್ತದೆ. ಬಲ್ಲವನು ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತಾನೆ, ಬದಲಿಸಿದ್ದನ್ನು ಬರೆದಿಡುತ್ತಾನೆ.

ಈ ತಾಳ್ಮೆಯ ಬೆಲೆಯನ್ನು ತೆತ್ತು ತೋರಿಸಿದವರು ಕೆನ್ ಗ್ರಾಸ್‌ಮನ್. ಕ್ಯಾಲಿಫೋರ್ನಿಯದ ಚಿಕೋ ಪಟ್ಟಣದಲ್ಲಿ, ಮನೆಯಲ್ಲೇ ಬಿಯರ್ ಮಾಡುವವರಿಗೆ ಸಾಮಾನು ಮಾರುವ ಅಂಗಡಿಯನ್ನು 1976ರಲ್ಲಿ ತೆರೆದವರು ಅವರು. 1980ರಲ್ಲಿ ಗೆಳೆಯ ಪಾಲ್ ಕ್ಯಾಮುಸಿಯೊಡನೆ ಸಿಯೆರಾ ನೆವಾಡ ಎಂಬ ಸಣ್ಣ ಕಾರ್ಖಾನೆ ಆರಂಭಿಸಿ ಪೇಲ್ ಏಲಿಗೆ ಕೈಹಾಕಿದರು. ಕೈಯಲ್ಲಿ ಹಣವಿರಲಿಲ್ಲ, ಪಾತ್ರೆಗಳೂ ಹಳೆಯ ಡೈರಿಗಳಿಂದ ಕೊಂಡು ತಂದವು. ಹಾಗಿದ್ದೂ ಒಂದು ಸಲದ ರುಚಿ ಇನ್ನೊಂದು ಸಲಕ್ಕೆ ಹೊಂದುತ್ತಿಲ್ಲವೆಂದು ಮೊದಮೊದಲಿನ ಹಲವು ಪಾಕಗಳನ್ನು ಚರಂಡಿಗೆ ಚೆಲ್ಲಿದರು. ಚೆಲ್ಲುವ ಧೈರ್ಯವಿದ್ದುದರಿಂದಲೇ, ಕ್ಯಾಸ್ಕೇಡ್ ಹೂವಿನ ಆ ಬಿಯರು ಮುಂದೆ ಸಾವಿರಾರು ಗೃಹಸ್ಥರಿಗೆ ಮೇಲ್ಪಂಕ್ತಿಯಾಯಿತೆನ್ನಬೇಕು.

ಇಷ್ಟೆಲ್ಲ ಸಾಧಿಸಿದ ಮೇಲೂ ಪರಿಮಳ ಯಾರ ಸ್ವತ್ತೂ ಆಗುವುದಿಲ್ಲ. 115 ಗ್ರಾಂ ಸಕ್ಕರೆ ಬೆರೆಸಿ, ಬೆಳಕು ತಾಗದಂತೆ ಕಂದು ಬಾಟಲಿಗಳಲ್ಲಿ ತುಂಬಿ ಎರಡು ವಾರವಿಟ್ಟರೆ ನೊರೆ ಸಿದ್ಧವಾಗುತ್ತದೆ. ಆದರೆ ಒಳಸೇರಿದ ಗಾಳಿಯೂ ಕಾಲವೂ ತೈಲಗಳನ್ನು ಸವೆಸುತ್ತಲೇ ಇರುತ್ತವೆ. ಕೆಲವು ತಿಂಗಳು ಕಳೆದರೆ ಕಹಿ ಉಳಿದಿರುತ್ತದೆ, ಚಕ್ಕೋತದ ಘಮ ಹೋಗಿರುತ್ತದೆ. ಮನುಷ್ಯರ ಬಾಳಿನಲ್ಲಿಯೂ ಅನೇಕ ವೇಳೆ ನಡೆಯುವುದು ಹೀಗೆಯೇ ಅಲ್ಲವೆ? ಮಾರುವಂತಿಲ್ಲ, ಕೂಡಿಡುವಂತಿಲ್ಲ, ಉಳಿದಿರುವುದು ಹಂಚಿಕೊಳ್ಳುವ ದಾರಿಯೊಂದೇ. ನೆರೆಯವನನ್ನು ಕರೆಯುತ್ತಾನೆ, ಲೋಟ ಮುಂದಿಡುತ್ತಾನೆ. ಅವನು ಹೊಗಳುವನೇ ಎಂದು ನೋಡುವುದಿಲ್ಲ. ಕುಡಿಯುವ ಮುನ್ನ ಒಮ್ಮೆ ಮೂಸಿ ನೋಡುವನೇ ಎಂದು ನೋಡುತ್ತಾನೆ. ಅತಿಥಿ ಹೊರಟ ಮೇಲೆ ಟಿಪ್ಪಣಿ ಪುಸ್ತಕ ತೆರೆದು ಬರೆಯುತ್ತಾನೆ: ಮುಂದಿನ ಸಲ ಕೊನೆಯ ಹೂವು ಹತ್ತು ಗ್ರಾಂ ಕಡಿಮೆ.