ಕಬ್ಬಿಣದ ಅಂಗಡಿಯ ಮಾತು

ಕಬ್ಬಿಣದ ಅಂಗಡಿಗೆ ಸೊಬಗೆಂಬುದಿಲ್ಲ. ಜವಳಿಯಂಗಡಿಯ ಬಣ್ಣವಾಗಲಿ, ಕಿರಾಣಿಯ ಅಂಗಡಿಯ ಪರಿಮಳವಾಗಲಿ ಅಲ್ಲಿ ದೊರೆಯದು. ಎಣ್ಣೆಯ ಜಿಡ್ಡು, ತುಕ್ಕಿನ ಧೂಳು, ಮೊಳೆಯ ಡಬ್ಬಗಳು, ಗೋಡೆಗೊರಗಿಸಿದ ಹಾರೆ ಗುದ್ದಲಿಗಳು, ಇವಿಷ್ಟೇ ಅದರ ವೈಭವ. ಆದರೂ ಒಂದು ಊರು ಹೇಗೆ ಬಾಳಿತೆಂಬುದನ್ನು ತಿಳಿಯಬಯಸುವವರು ಆ ಊರಿನ ಕಬ್ಬಿಣದಂಗಡಿಯ ಹಳೆಯ ಖಾತೆಗಳನ್ನು ನೋಡಬೇಕೆಂದು ನಮ್ಮ ಅಭಿಪ್ರಾಯ. ಆನೆಕೊಂಡದಲ್ಲಿ ಮನೆಯನ್ನೂ ದಾವಣಗೆರೆಯ ಪೇಟೆಯಲ್ಲಿ ಅಂಗಡಿಯನ್ನೂ ಮಾಡಿಕೊಂಡು ಮೂರು ತಲೆಗಳಿಂದ ಇದೇ ವ್ಯಾಪಾರದಲ್ಲಿರುವ ನಾವು ಹೀಗೆನ್ನುವುದು ಸ್ವಂತ ಸರಕಿನ ಹೊಗಳಿಕೆಯೆಂದು ತೋರಬಹುದು. ವಾಚಕರು ಪೂರ್ತಿ ಓದಿ ನಿರ್ಣಯಿಸಲಿ.

ಆನೆಕೊಂಡವು ಈಗ ದಾವಣಗೆರೆ ನಗರದೊಳಗೆ ಸೇರಿಹೋಗಿದ್ದರೂ ಅದು ಪುರಾತನವಾದ ಊರು. ಅಲ್ಲಿಯ ಈಶ್ವರ ದೇವಾಲಯವೇ ಅದಕ್ಕೆ ಸಾಕ್ಷಿ. ದಾವಣಗೆರೆಯು ಪೇಟೆಯೆನಿಸಿದುದು ಬಹಳ ಕಾಲದ ಮೇಲೆ. ಹೈದರಾಲಿಯು ಇದನ್ನು ಅಪ್ಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು. ಆತನು ವರ್ತಕರನ್ನು ಕರೆಯಿಸಿ ನೆಲೆಗೊಳಿಸಿದನು. 19ನೆಯ ಶತಮಾನದ ಕೊನೆಗೆ ರೈಲು ಬಂದಿತು. ಹತ್ತಿ, ನೆಲಗಡಲೆಗಳ ವ್ಯಾಪಾರವು ಬೆಳೆದು, ಮುಂದಿನ ಶತಮಾನದಲ್ಲಿ ಬಟ್ಟೆಯ ಗಿರಣಿಗಳು ಎದ್ದುವು.

ಈ ಕಥೆಯೆಲ್ಲವೂ ನಮ್ಮ ಖಾತೆಗಳಲ್ಲಿ ಬೇರೊಂದು ಭಾಷೆಯಲ್ಲಿ ಬರೆದಿದೆ. ಅಜ್ಜನವರ ಕಾಲದ ಪುಟಗಳಲ್ಲಿ ನೇಗಿಲ ಕುಳ, ಕುಂಟೆಯ ಕುಡ, ಬಂಡಿಯ ಗಾಲಿಗೆ ಹಳಿ, ಬಾವಿಗೆ ರಾಟೆ. ಗಿರಣಿಗಳ ಕಾಲ ಬಂದಾಗ ಬೋಲ್ಟು, ನಟ್ಟು, ಯಂತ್ರದ ಪಟ್ಟಿಗಳು. ಲಕ್ಕವಳ್ಳಿಯ ಅಣೆಕಟ್ಟು 1965ರ ವೇಳೆಗೆ ಪೂರ್ಣಗೊಂಡು ಭದ್ರಾ ನಾಲೆಯ ನೀರು ಹೊಲಗಳನ್ನು ಗದ್ದೆಗಳನ್ನಾಗಿ ಮಾಡಿದ ಮೇಲೆ ಕುಡುಗೋಲು, ಸಲಿಕೆ, ಪಂಪಿನ ಕೊಳವೆಗಳು. 1997ರ ಆಗಸ್ಟ್ 15ರಂದು ದಾವಣಗೆರೆಯು ಜಿಲ್ಲೆಯಾದ ನಂತರ ಮನೆಗಳೆದ್ದಂತೆಲ್ಲಾ ಕಂಬಿ, ಚಿಲಕ, ಕೊಳಾಯಿ. ಇವುಗಳ ನಡುವೆ ಎಂದೂ ಬದಲಾಗದ ಗಿರಾಕಿಗಳೂ ಉಂಟು: ಮಂಡಕ್ಕಿ ಭಟ್ಟಿಯವರಿಗೆ ಬಾಣಲೆ, ದೋಸೆಯ ಹೋಟಲಿನವರಿಗೆ ಕಾವಲಿ.

ಸರಕು ಬದಲಾಯಿತು, ಬದಲಾಗದಿದ್ದುದು ಯಾವುದು? ಅಂಗಡಿಯವನ ಮಾತು. ಇದರ ಬೆಲೆಯನ್ನು ತೋರಿಸಲು ನಮ್ಮ ನೆರೆಯ ಹರಿಹರಕ್ಕೆ ಸಂಬಂಧಿಸಿದ ಒಂದು ನಿದರ್ಶನವನ್ನು ಕೊಡುವೆವು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ತಮ್ಮ ಅಣ್ಣನವರೊಡಗೂಡಿ ಬೆಳಗಾವಿಯಲ್ಲಿ ನಡೆಸಿದುದು ಒಂದು ಬೈಸಿಕಲ್ಲಿನ ಅಂಗಡಿ. ಮುಂದೆ ಅವರು ಕಬ್ಬಿಣದ ನೇಗಿಲನ್ನು ಮಾಡಿದರು. ಕಬ್ಬಿಣವು ಭೂಮಿಗೆ ವಿಷವೆಂದು ರೈತರು ಅಂಜಿದುದರಿಂದ ಮೊದಲನೆಯ ನೇಗಿಲು ಮಾರಾಟವಾಗುವುದಕ್ಕೆ ಎರಡು ವರ್ಷಗಳು ಹಿಡಿದುವಂತೆ. ಮಾಡಿದ ವಸ್ತು ಒಳ್ಳೆಯದಾಗಿದ್ದರೆ ಸಾಲದು. ರೈತನು ನಂಬುವಂಥವನೊಬ್ಬನು "ಕೊಂಡು ಹೋಗಪ್ಪಾ, ಇದಕ್ಕೆ ನಾನಿದ್ದೇನೆ" ಎನ್ನಬೇಕು. ಆ ಮನೆತನದ ಉದ್ಯಮವು 1910ರಲ್ಲಿ ಕಿರ್ಲೋಸ್ಕರವಾಡಿಗೆ ಹೋಗಿ ಬೆಳೆಯಿತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಹುಟ್ಟಿ, ಅದರ ಲೇತುಗಳು ದೇಶವೆಲ್ಲಾ ಹೆಸರಾದುವು. ಈ ಶತಮಾನದ ಆರಂಭದಲ್ಲಿ ಆ ಕಾರ್ಖಾನೆಯು ಮುಚ್ಚಿತು. ಅಷ್ಟು ದೊಡ್ಡದೇ ನಿಲ್ಲಲಿಲ್ಲವೆಂದ ಮೇಲೆ ಹತ್ತು ಅಡಿ ಅಗಲದ ಅಂಗಡಿಯು ನಿಂತೀತೆಂಬ ಜಂಬವು ನಮಗಿಲ್ಲ. ಆದರೆ ನಿಂತಿರುವಷ್ಟು ದಿನ ಯಾವುದರ ಮೇಲೆ ನಿಂತಿದೆಯೆಂಬುದನ್ನು ತಿಳಿದಿರಬೇಕಷ್ಟೆ.

1956ರ ಕಾನೂನಿನಿಂದ ಮಣ, ಸೇರುಗಳು ಹೋಗಿ ಕಿಲೋ ಬಂದಾಗ, 1957ರಲ್ಲಿ ಆಣೆಗಳು ಹೋಗಿ ನಯೆಪೈಸೆ ಬಂದಾಗ, ಹಳ್ಳಿಯವರಿಗೆ ತೂಕದಲ್ಲಿಯೂ ಲೆಕ್ಕದಲ್ಲಿಯೂ ಸಂಶಯ ಹುಟ್ಟಿದುದು ಸಹಜ. ನಮ್ಮ ತಂದೆಯವರು ಕೆಲಕಾಲ ಎರಡು ಲೆಕ್ಕಗಳನ್ನೂ ಪಕ್ಕಪಕ್ಕದಲ್ಲಿ ಬರೆದು ಓದಿ ಹೇಳುತ್ತಿದ್ದರು. ಶ್ರಾವಣದಲ್ಲಿ ಆನೆಕೊಂಡದ ಬಸವೇಶ್ವರಸ್ವಾಮಿಯ ಕಾರ್ಣಿಕವನ್ನು ಕೇಳಲು ಬಂದ ರೈತರು ಮಳೆ ಬೆಳೆಗಳ ಮಾತನ್ನಾಡುತ್ತಾ ಅಂಗಡಿಗೆ ಬರುವರು; ಕುಳವನ್ನು ಉದ್ರಿ ಒಯ್ಯುವರು. ಬೆಳೆ ಬಂದರೆ ಹಣ ಬಂದಿತು. ಮಳೆ ಹೋದರೆ ಆ ಬಾಕಿಯು ಮುಂದಿನ ವರ್ಷದ ಖಾತೆಗೆ ಏರಿತು. ಕೆಲವು ಬಾಕಿಗಳು ಬಾರದೆಯೇ ಹೋದುವು. ತಂದೆಯವರು ಅವನ್ನು ಕುರಿತು, "ಬಿತ್ತಿದ ಕಾಳೆಲ್ಲಾ ಮೊಳೆಯುವುದುಂಟೇ?" ಎನ್ನುವರು.

ಈಗ ಮನೆಯಲ್ಲಿ ಎದ್ದಿರುವ ಪ್ರಶ್ನೆ, ಅಂಗಡಿಯನ್ನು ಮುಂದುವರಿಸಬೇಕೇ ಎಂಬುದು. ಕಿರಿಯರ ವಾದವು ಹುರುಳಿಲ್ಲದ್ದಲ್ಲ. ದೊಡ್ಡ ಮಳಿಗೆಗಳು ಸಗಟಿನಲ್ಲಿ ಅಗ್ಗವಾಗಿ ಕೊಡುತ್ತವೆ. ಕೈಯಲ್ಲಿರುವ ಫೋನಿನಿಂದಲೇ ಬೇಕಾದ ಬೀಗವು ಬಾಗಿಲಿಗೆ ಬರುತ್ತದೆ. ಅಂಗಡಿಯ ಜಾಗಕ್ಕೆ ಬಾಡಿಗೆಯೇ ಲಾಭಕ್ಕಿಂತ ಹೆಚ್ಚು ಬಂದೀತು. ಲೆಕ್ಕದ ದೃಷ್ಟಿಯಿಂದ ಇದಕ್ಕೆ ಉತ್ತರವಿಲ್ಲ. ಆದರೆ ಬಡಗಿಗೆ ನಾಲ್ಕೇ ತಿರುಪು ಸಾಲದೆ ಬಂದಾಗ, ಗೃಹಿಣಿಯೊಬ್ಬರು ಮುರಿದ ಬಿಜಾಗರಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು "ಇಂಥದೇ ಒಂದು ಕೊಡಿ ಅಣ್ಣಾ" ಎಂದಾಗ, ನೂರರ ಪೊಟ್ಟಣವನ್ನು ಯಾರೂ ಕೊಳ್ಳಲಾರರು. ಒಂದು ಬಿಡಿ ಮೊಳೆಯಲ್ಲಿ ಲಾಭವಿಲ್ಲ. ಅದು ದೊರೆಯದಿದ್ದರೆ ಒಬ್ಬನ ಒಂದು ದಿನದ ಕೂಲಿಯು ಹೋಗುತ್ತದೆ, ಒಂದು ಮನೆಯ ಬಾಗಿಲು ರಾತ್ರಿ ಮುಚ್ಚದೆ ಉಳಿಯುತ್ತದೆ. ಈ ನಷ್ಟವು ಯಾರ ಖಾತೆಯಲ್ಲಿಯೂ ಬರೆಯಲ್ಪಡುವುದಿಲ್ಲವಾದುದರಿಂದ ಅದು ಇಲ್ಲವೆಂದು ನಾವು ಭಾವಿಸುತ್ತೇವೆ.

ಹಾಗೆಂದು ಹಳೆಯದೆಲ್ಲವೂ ಉಳಿಯಬೇಕೆಂಬ ಹಟವೂ ಸಲ್ಲದು. 2017ರ ಜುಲೈಯಲ್ಲಿ ಹೊಸ ತೆರಿಗೆಯ ಪದ್ಧತಿಯು ಬಂದ ಮೇಲೆ ನಮ್ಮ ತಮ್ಮನ ಮಗಳು ಲೆಕ್ಕವನ್ನೆಲ್ಲಾ ಗಣಕಯಂತ್ರಕ್ಕೆ ಏರಿಸಿದಳು. ಉದ್ರಿಗೆ ಮಿತಿಯನ್ನೂ ಕಟ್ಟಿದಳು. ಅದು ಸರಿಯೇ. ಬಿಡಿ ಮೊಳೆಯ ಡಬ್ಬಗಳನ್ನು ಮಾತ್ರ ಅವಳು ಕದಲಿಸಲಿಲ್ಲ. ಅಂಗಡಿಯನ್ನು ತಾನೇ ನೋಡಿಕೊಳ್ಳುವೆನೆಂದಿದ್ದಾಳೆ. ಹೆಣ್ಣುಮಗಳು ಗಲ್ಲದ ಮೇಲೆ ಕುಳಿತುದನ್ನು ಕಂಡು ಮೊದಲು ಹಿಂಜರಿದ ಕಮ್ಮಾರರೂ ಗೌಂಡಿಗಳೂ ಈಗ ತೂಕ, ಅಳತೆಗಳನ್ನು ಅವಳನ್ನೇ ಕೇಳುತ್ತಾರೆ.

ಗೃಹಸ್ಥರಲ್ಲಿ ನಮ್ಮದೊಂದು ಬಿನ್ನಹ. ಮನೆಯ ಚಿಲಕವೋ ಕೊಡಲಿಯೋ ಕೆಟ್ಟಾಗ ಕೂಡಲೇ ಹೊಸದನ್ನು ತರಿಸದೆ ಹತ್ತಿರದ ಕಬ್ಬಿಣದಂಗಡಿಗೆ ಒಮ್ಮೆ ತೆಗೆದುಕೊಂಡು ಹೋಗಿರಿ. ಕೆಟ್ಟುದು ಯಾವುದು, ಉಳಿದುದು ಎಷ್ಟು ಎಂಬುದನ್ನು ಕೈಯಲ್ಲಿ ಹಿಡಿದು ಹೇಳುವವನೊಬ್ಬನು ಊರಿನಲ್ಲಿ ಇರುವುದು ಊರಿನ ಐಶ್ವರ್ಯವೇ ಸರಿ.